ಸಂಶೋಧಕರ ಆಸಕ್ತಿ ಮತ್ತು ರೈತರ ಪ್ರಶ್ನೆ

(ಜಲನಗರದಲ್ಲಿ ಸೇರಿದ್ದ ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಯಾವ ವಿಷಯದ ಮೇಲೆ ಸಂಶೋಧನೆ ನಡೆಯಬೇಕೆಂಬುದನ್ನು ಯಾರು ನಿರ್ಧರಿಸುತ್ತಾರೆ ಎಂದು ರೈತರು ಕೇಳುವುದುಂಟು. ಕೇಳಲೇಬೇಕಾದ ಪ್ರಶ್ನೆ. ಸಂಶೋಧಕರ ಆಸಕ್ತಿ ಯಾವ ಕಡೆಗೆ ಹೊರಳುತ್ತದೋ ಹಣವೂ ಹತ್ತಾರು ವರ್ಷಗಳ ದುಡಿಮೆಯೂ ಆ ಕಡೆಗೇ ಹೋಗುತ್ತವೆ. ಈ ಜಿಲ್ಲೆಯ ಅನುಭವವನ್ನೇ ನೋಡೋಣ.

1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಸ್ಥಳಗಳನ್ನು ಆರಿಸಲಾಯಿತು. ಸೊಲ್ಲಾಪುರ, ಹಗರಿ, ರಾಯಚೂರು, ರೋಹತಕ್‌ಗಳ ಜೊತೆಗೆ ನಮ್ಮ ವಿಜಯಪುರವೂ ಅವುಗಳಲ್ಲೊಂದು. ಇಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆ. ಅದರಲ್ಲೂ ಸೆಪ್ಟೆಂಬರ್ ತಿಂಗಳಿನ ಕೆಲವು ರಭಸದ ಮಳೆಗಳೇ ಮುಖ್ಯ. (ಈ ಬಡಾವಣೆಗೆ ಜಲನಗರವೆಂದು ಹೆಸರಿಟ್ಟವರು ದೊಡ್ಡ ಆಶಾವಾದಿಗಳೇ ಇರಬೇಕು.) ಆಗಿನ ಸಂಶೋಧಕರ ಆಸಕ್ತಿಯೆಲ್ಲ ಒಡ್ಡು, ಆಳವಾದ ಉಳುಮೆ, ವಿರಳ ಬಿತ್ತನೆ ಮತ್ತು ಎಡೆ ಹೊಡೆಯುವುದರ ಮೇಲಿತ್ತು. ಇದರಿಂದ ಇಳುವರಿ ಶೇಕಡಾ 15ರಿಂದ 20ರಷ್ಟು ಮಾತ್ರ ಹೆಚ್ಚಿತು. ಮೊದಲಿನ ಇಳುವರಿಯೇ ಹೆಕ್ಟೇರಿಗೆ ಎರಡರಿಂದ ನಾಲ್ಕು ಕ್ವಿಂಟಾಲು ಇದ್ದಾಗ ಈ ಹೆಚ್ಚಳ ಎಷ್ಟಾದೀತು? ಆಳವಾದ ಎರಿ ಭೂಮಿಯಲ್ಲಿ ಒಡ್ಡಿನ ಮೇಲ್ಬದಿಗೆ ನೀರು ನಿಂತು ಬೆಳೆ ಹಳದಿಯಾಗುತ್ತಿತ್ತು, ದೊಡ್ಡ ಮಳೆಗೆ ಒಡ್ಡೇ ಒಡೆಯುತ್ತಿತ್ತು. ಹೊಲದ ನಡುಭಾಗಕ್ಕೆ ಮಾತ್ರ ಹಸಿ ಸಾಲದು. ತನ್ನ ಹೊಲ ಸುತ್ತುವ ಯಾವ ರೈತನಿಗೂ ಇದು ಹೊಸ ಸಂಗತಿಯಲ್ಲ.

1970ರಲ್ಲಿ ಅಖಿಲ ಭಾರತ ಸಮನ್ವಯ ಒಣಬೇಸಾಯ ಸಂಶೋಧನಾ ಯೋಜನೆ ಆರಂಭವಾದ ಮೇಲೆ ದೃಷ್ಟಿ ಒಡ್ಡಿನಿಂದ ಎರಡು ಒಡ್ಡುಗಳ ನಡುವಿನ ಜಾಗಕ್ಕೆ ಹೊರಳಿತು. ಚೌಕು ಮಡಿಯ ಪದ್ಧತಿ ಈ ದೃಷ್ಟಿಯ ಫಲ. ಹಿಂಗಾರಿ ಹೊಲವನ್ನು ಜೂನ್-ಜುಲೈ ತಿಂಗಳಲ್ಲಿ ಹರಗಿ, ಇಳಿಜಾರಿಗೆ ತಕ್ಕಂತೆ 3 ಮೀ. ಅಥವಾ 4.5 ಮೀ. ಅಳತೆಯ ಚೌಕಗಳನ್ನು ಮಾಡಬೇಕು. ಇಳಿಜಾರು ಹೆಚ್ಚಿದಷ್ಟೂ ಚೌಕ ಚಿಕ್ಕದಿರಲಿ. ಬಿದ್ದ ಮಳೆ ಬಿದ್ದಲ್ಲಿಯೇ ಇಂಗುತ್ತದೆ. ಬಿತ್ತನೆಯ ಕಾಲಕ್ಕೆ ಮಡಿಗಳನ್ನು ಕೆಡಿಸಿ ಕೂರಿಗೆ ಹೂಡಿದರಾಯಿತು.

ಇನ್ನು ಬಿಳಿಜೋಳದ ವಿಷಯ. ಎಂ. 35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಎಂಬ ನಾಟಿ ಜೋಳದಿಂದ ಆರಿಸಲಾಯಿತು. ಸಿ.ಎಸ್.ಎಚ್.-1 ಎಂಬ ಸಂಕರಣ ಜೋಳ 1964ರಲ್ಲಿ ಬಂದು ಮುಂಗಾರಿ ಹೊಲಗಳಲ್ಲಿ ದೊಡ್ಡ ಬದಲಾವಣೆಗೆ ದಾರಿ ಮಾಡಿತು. ಹಿಂಗಾರಿಯಲ್ಲಿ ಮಾತ್ರ ಮಾಲದಂಡಿ ಜಾಗ ಬಿಡಲಿಲ್ಲ. ಸಂಶೋಧಕರು ಕಾಳನ್ನು ತೂಗುತ್ತಿದ್ದರು. ಮನೆಯ ತಾಯಂದಿರು ಹಿಟ್ಟು ನಾದಿ, ರೊಟ್ಟಿ ಬಡಿದು, ಅದು ಸಂಜೆಯವರೆಗೆ ಮೆತ್ತಗಿರುತ್ತದೆಯೇ ಎಂದು ನೋಡುತ್ತಿದ್ದರು. ಎತ್ತು ಕಟ್ಟಿದವರು ಕಣಕಿ ನೋಡುತ್ತಿದ್ದರು. ಕಾಳು ಕಡಿಮೆಯಾದ ವರ್ಷ ಮೇವೇ ಮನೆತನವನ್ನು ಹಿಡಿದು ನಿಲ್ಲಿಸುತ್ತದೆಯೆಂಬುದು ಬರಗಾಲ ಕಂಡ ನಿಮಗೆ ಹೇಳಬೇಕಾಗಿಲ್ಲ. ಇಂದು ಹಿಂಗಾರಿ ಜೋಳದ ತಳಿ ಪರೀಕ್ಷೆಯಲ್ಲಿ ಕಾಳಿನ ಜೊತೆಗೆ ಕಣಕಿಯನ್ನೂ ತೂಗುತ್ತಾರೆ, ರೊಟ್ಟಿಯ ಗುಣವನ್ನೂ ನೋಡುತ್ತಾರೆ. ವಿಜಯಪುರ ಕೇಂದ್ರದ ಬಿ.ಜೆ.ವಿ.-44ರಂಥ ಹೊಸ ತಳಿಯೂ ಈ ಮೂರಕ್ಕೂ ಉತ್ತರ ಕೊಡಬೇಕು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಕೇಂದ್ರದಿಂದ ಹಳ್ಳಿಗೆ ಕರಪತ್ರ ಒಯ್ಯುವುದಷ್ಟೇ ಸಾಲದು. ಹಳ್ಳಿಯ ಪ್ರಶ್ನೆಯನ್ನು ಕೇಂದ್ರಕ್ಕೆ ತರುವುದು, ನನ್ನ ಮಟ್ಟಿಗೆ, ಹೆಚ್ಚಿನ ಕೆಲಸ.

ಇಂಥ ಒಂದು ಪ್ರಶ್ನೆ ಈಗ ನಿಮ್ಮ ಹೊಲದ ಬದುವಿಗೇ ಬಂದು ನಿಂತಿದೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳಿಗೂ ಹೊಲಗಳಿಗೂ ಬರುತ್ತಿದೆ. ದ್ರಾಕ್ಷಿ ಪಡದವರಿಗೆ ಇದು ಜೀವದಾನ. ನೀರು ಬೇಡವೆಂದು ಯಾರೂ ಹೇಳಲಾರರು, ನಾನಂತೂ ಹೇಳುವುದಿಲ್ಲ. ಆದರೆ ಎರಿ ಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಗ ಬಸಿಯಗೊಡುವುದಿಲ್ಲ. ಅತಿ ನೀರುಣಿಸಿದರೆ ಕೆಳಗಿನ ಲವಣ ಮೇಲಕ್ಕೇರುತ್ತದೆ. ಸೋಡಿಯಂ ಹೆಚ್ಚಿದರೆ ಮಣ್ಣಿನ ಹೆಂಟೆ ಕರಗಿ ಕೆಸರಾಗಿ, ಒಣಗಿದಾಗ ಕಲ್ಲಾಗುತ್ತದೆ. ಡೋಣಿ ನದಿಯ ಸವುಳು ನೀರನ್ನು ಕಂಡವರಿಗೆ ಇದು ಕಟ್ಟುಕತೆಯಲ್ಲ. ಒಮ್ಮೆ ಕೆಟ್ಟ ಮೇಲೆ ಜಿಪ್ಸಂ ಹಾಕಬಹುದು, ಆದರೆ ಬಸಿಗಾಲುವೆ ಇಲ್ಲದೆ ಜಿಪ್ಸಂ ಒಂದರಿಂದ ಗುಣವಾಗದು. ಖರ್ಚೂ ಸಣ್ಣದಲ್ಲ.

ಇದರ ಅಭ್ಯಾಸಕ್ಕೆ ನೀರು ಬರುವ ಮುಂಚಿನ ಮಣ್ಣಿನ ಲೆಕ್ಕ ಬೇಕು. ನೀರು ಹಾಯಿಸಿದ ಮೇಲೆ ಆ ಲೆಕ್ಕ ಯಾವ ಪ್ರಯೋಗಶಾಲೆಯಲ್ಲೂ ಸಿಗದು. ಈ ವರ್ಷ ಮೊದಲ ಸಲ ನೀರು ಪಡೆಯುವವರು ದಯಮಾಡಿ ಒಂದು ಕೆಲಸ ಮಾಡಿರಿ. ಹೊಲದ ನಾಲ್ಕೈದು ಕಡೆ ಅಗೆದು 30, 60 ಮತ್ತು 90 ಸೆಂ.ಮೀ. ಆಳದವರೆಗಿನ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಿರಿ. ಒಂದೇ ಆಳದ ಮಣ್ಣನ್ನು ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಚೀಲದಲ್ಲಿ ಕಟ್ಟಿರಿ. ಗೊಬ್ಬರದ ಹಳೆಯ ಚೀಲ ಬೇಡ. ಸರ್ವೆ ನಂಬರು, ಆಳ, ತಾರೀಖು ಬರೆದು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿರಿ. ರಸಸಾರ, ಲವಣಾಂಶ, ಸೋಡಿಯಂ ಮೂರನ್ನೂ ಪರೀಕ್ಷಿಸಲು ಬಾಯಿಬಿಟ್ಟು ಕೇಳಿರಿ. ಫಲಿತಾಂಶದ ಕಾಗದವನ್ನು ಹೊಲದ ಉತಾರದ ಜೊತೆಗೇ ಇಟ್ಟುಕೊಂಡು, ಮೂರು ವರ್ಷದ ನಂತರ ಅದೇ ಜಾಗದ ಮಣ್ಣನ್ನು ಮತ್ತೆ ತನ್ನಿರಿ.