ನೀರಗಂಟಿಗೆ ನಿದ್ದೆ ಬಂದಾಗ



ಇಂದಾಪುರದಿಂದ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ನಿದ್ದೆ ಬಾರದೆಂದು ಅವರ ತಾಯಿಗೆ ಆಲ್ಪ್ರಜೋಲಾಮ್ ಮಾತ್ರೆ ಶುರುವಾಗಿ ಎರಡು ವರ್ಷವಾಯಿತಂತೆ. ಈಗ ಒಂದು ರಾತ್ರಿ ತಪ್ಪಿದರೂ ಮೈ ನಡುಕ, ಸಿಡಿಮಿಡಿ. “ಅವ್ವನಿಗೆ ಇದು ಚಟವಾಗಿದೆಯೇ? ನಾಳೆಯಿಂದಲೇ ನಿಲ್ಲಿಸಿಬಿಡಲೇ?” ಎಂದು ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ದಯವಿಟ್ಟು ಹಾಗೆ ನಿಲ್ಲಿಸಬೇಡಿ. ಬಹುಕಾಲ ನುಂಗಿದ ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ.

ಇಂದಾಪುರದ ಕಬ್ಬಿಗೆ ನೀರಾ ಎಡದಂಡೆ ಕಾಲುವೆಯ ನೀರು ಬರುತ್ತದಲ್ಲವೇ? ತೂಬು ತೆರೆದು ಮುಚ್ಚುವವನನ್ನು ಕನ್ನಡದಲ್ಲಿ ನೀರಗಂಟಿ ಎನ್ನುತ್ತೇವೆ. ಮಿದುಳಿನಲ್ಲೂ ಅಂಥವರಿದ್ದಾರೆ. ‘ಹಿತವಾಯಿತು, ಇನ್ನೊಮ್ಮೆ ಬೇಕು’ ಎನ್ನಿಸುವ ಡೋಪಮೈನನ್ನು ಹರಿಬಿಡುವ ನರಕೋಶಗಳನ್ನು ಬೇರೆ ಕೋಶಗಳು ‘ಗಾಬಾ’ ಎಂಬ ರಾಸಾಯನಿಕದಿಂದ ಹಿಡಿತದಲ್ಲಿಡುತ್ತವೆ. ಆಲ್ಪ್ರಜೋಲಾಮ್, ಡಯಾಜೆಪಾಮ್ ಈ ಗಾಬಾದ ಕೈ ಬಲಪಡಿಸಿ ಮನಸ್ಸನ್ನು ತಣ್ಣಗಾಗಿಸುತ್ತವೆ. ಹಾಗಿದ್ದರೆ ಡೋಪಮೈನ್ ಕಡಿಮೆಯಾಗಬೇಕಲ್ಲ, ಚಟ ಹೇಗೆ ಹತ್ತುತ್ತದೆ? 2010ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಲ್ಯೂಷರ್ ತಂಡ ಇಲಿಗಳಲ್ಲಿ ಇದನ್ನು ಬಿಡಿಸಿ ತೋರಿಸಿತು: ಮಾತ್ರೆ ಹೆಚ್ಚಾಗಿ ಮಲಗಿಸುವುದು ನೀರಗಂಟಿಯನ್ನೇ! ಕಾಯುವವನು ಮಲಗಿದರೆ ತೂಬು ತೆರೆದೇ ಇರುತ್ತದೆ.

ಆದರೆ ತಾಯಿಯವರ ನಡುಕಕ್ಕೆ ಕಾರಣ ಬೇರೆ. ದಿನವೂ ಹೊರಗಿನ ಸಹಾಯ ಸಿಕ್ಕಿ ಮಿದುಳು ತನ್ನ ಗಾಬಾದ ಪಾಲನ್ನು ಸಡಿಲಿಸಿಕೊಂಡಿದೆ. ಇದು ಅವಲಂಬನೆ, ಅವರ ಮನಸ್ಸಿನ ದೌರ್ಬಲ್ಯವಲ್ಲ. ಬೈಯುವುದರಿಂದ ಏನೂ ಸಾಧಿಸಲಾಗದು.

ಶಾಂತಗೊಳಿಸುವ ಮದ್ದೆಲ್ಲ ಡೋಪಮೈನ್ ಹರಿಸುತ್ತದೆ ಎಂದೂ ತಿಳಿಯಬೇಡಿ. ನಮ್ಮ ಸರ್ಪಗಂಧಿ ಬೇರನ್ನೇ ನೋಡಿ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. ಆ ಬೇರಿನ ಸಾರವೇ ರಿಸರ್ಪೀನ್. ಮಾನಸಿಕ ಉದ್ವೇಗಕ್ಕೂ ಕೊಡುತ್ತಿದ್ದರು. ಅದು ಮಿದುಳಿನ ಡೋಪಮೈನ್ ದಾಸ್ತಾನನ್ನೇ ಖಾಲಿ ಮಾಡುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅದನ್ನು ಕೊಟ್ಟು ಮಂಕಾದ ಮೊಲಗಳಿಗೆ ಎಲ್-ಡೋಪಾ ಚುಚ್ಚಿದಾಗ ಅವು ಮತ್ತೆ ಚುರುಕಾಗಿ ಓಡಾಡಿದವು. 2000ನೇ ಇಸವಿಯ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ದೊರೆಯಿತು. ಹ್ಯಾಲೋಪೆರಿಡಾಲ್‌ನಂಥವು ದಾಸ್ತಾನು ಮುಟ್ಟದೆ, ಡೋಪಮೈನ್ ತಲುಪಬೇಕಾದ ಬಾಗಿಲನ್ನೇ ಮುಚ್ಚುತ್ತವೆ. ಅದಕ್ಕೇ ಕೆಲವು ಹಿರಿಯರಿಗೆ ಕೈಕಾಲು ಬಿಗಿತ ಕಾಣುವುದು.

ಆದ್ದರಿಂದ ಇಂದಾಪುರದ ಸೋದರರೇ, ತಾಯಿ ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ವಾಂತಿಗೆ ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಡಾಕ್ಟರರ ಮೇಜಿನ ಮೇಲೆ ಸುರಿಯಿರಿ. ಆಲ್ಪ್ರಜೋಲಾಮನ್ನು ಅವರೇ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ನಡುವೆ ನಿದ್ದೆಗೆಟ್ಟ ಕೆಲವು ರಾತ್ರಿಗಳು ಬಂದೇ ಬರುತ್ತವೆ. ಆಗ ಅವ್ವನ ಹತ್ತಿರ ಯಾರಾದರೂ ಕುಳಿತಿರಿ.