‘ನೀನು ಟೈಟ್ ಮಾಡಿದ್ಯಲ್ವಾ?’

ಇವತ್ತಿನ ಎಪಿಸೋಡ್ ಒಂದು ಹಳೇ ಸ್ಪೋರ್ಟ್ಸ್ ಕಾರಿನ ಬಗ್ಗೆ. ನಿಜ ಹೇಳ್ಬೇಕಂದ್ರೆ ಅದರೊಳಗಿನ ಎರಡು ಬೋಲ್ಟ್‌ಗಳ ಬಗ್ಗೆ.

ನಮ್ಮ ದೊಡ್ಡಮ್ಮನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಅವನ ಹತ್ರ ಒಂದು ಪೋರ್ಷೆ 944 ಇದೆ. 1982ರಿಂದ 1991ರವರೆಗೆ ಬಂದ ಮಾಡೆಲ್. ಕಳೆದ ವರ್ಷ ನಾನು ಅಲ್ಲಿಗೆ ಹೋದಾಗ ಅದರ ಕ್ಲಚ್ ಹೋಗಿತ್ತು. ಗ್ಯಾರೇಜ್‌ನವರು ಹೇಳಿದ ಕೂಲಿ ಕೇಳಿ ಅಣ್ಣ, "ನಾವೇ ಮಾಡೋಣ ಕಣೋ" ಅಂದ. ಅಲ್ಲಿ ಕಾರ್ ಎತ್ತೋ ಲಿಫ್ಟನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ವರ್ಕ್‌ಶಾಪ್‌ಗಳಿವೆ. ನಾವೇ ಹೋಗಿ ರಿಪೇರಿ ಮಾಡ್ಕೋಬಹುದು.

ಬರೀ ಕ್ಲಚ್ ತಾನೇ ಅಂದ್ಕೊಂಡೆ. ಆದ್ರೆ 944ರ ಕಥೆ ಬೇರೆ. ಎಂಜಿನ್ ಮತ್ತು ಕ್ಲಚ್ ಮುಂದೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಾಗಿ ಹಿಂದೆ. ಇದನ್ನೇ ಟ್ರಾನ್ಸ್‌ಆಕ್ಸಲ್ ಅಂತಾರೆ. ಇದರಿಂದ ಕಾರಿನ ತೂಕ ಮುಂದೆ-ಹಿಂದೆ ಹೆಚ್ಚುಕಡಿಮೆ ಸಮ ಆಗುತ್ತೆ, ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತೆ. ಮಧ್ಯೆ ಒಂದು ಉದ್ದನೆಯ ಟಾರ್ಕ್ ಟ್ಯೂಬ್, ಅದರೊಳಗೆ ಎಂಜಿನ್ ವೇಗದಲ್ಲೇ ತಿರುಗೋ ತೆಳು ಶಾಫ್ಟ್. ಹೀಗಾಗಿ ಮುಂದಿರೋ ಕ್ಲಚ್ ಮುಟ್ಟಬೇಕಂದ್ರೆ ಹಿಂದಿರೋ ಗೇರ್‌ಬಾಕ್ಸ್ ಇಳಿಸಿ, ಆ ಟ್ಯೂಬನ್ನ ಹಿಂದಕ್ಕೆ ಸರಿಸಬೇಕು.

ಬಿಚ್ಚಿ ಕ್ಲಚ್ ಹಾಕಿದ್ದು ಮೊದಲ ದಿನ. ಎರಡನೇ ದಿನ ಗೇರ್‌ಬಾಕ್ಸ್ ವಾಪಸ್ ಕೂರಿಸೋ ಕೆಲಸ. ಜ್ಯಾಕ್ ಮೇಲೆ ಕಟ್ಟಿ ನಿಧಾನಕ್ಕೆ ಎತ್ತಿದ್ವಿ. ಇಲ್ಲಿ ಒಂದು ಮಾತು ನೆನಪಿಡಿ: ಟ್ಯೂಬು, ಗೇರ್‌ಬಾಕ್ಸು ಕೈಯಲ್ಲೇ ಸರಿಯಾಗಿ ಕೂರಬೇಕು. ಕೂರಲಿಲ್ಲ ಅಂತ ಬೋಲ್ಟ್ ಬಿಗಿದು ಎಳ್ಕೊಂಡ್ರೆ ಅಲ್ಯೂಮಿನಿಯಂ ಕವಚ ಬಿರುಕು ಬಿಡಬಹುದು.

ಆಮೇಲೆ ಅಸಲಿ ಕೆಲಸ. ಟ್ಯೂಬಿನ ಶಾಫ್ಟ್ ಮತ್ತು ಗೇರ್‌ಬಾಕ್ಸ್ ಶಾಫ್ಟ್ ಸೇರಿಸೋದು ಒಂದು ಹಲ್ಲಿನ ತೋಳು, ಅಂದ್ರೆ ಕಪ್ಲರ್. ಅದಕ್ಕೆ ಎರಡು ಬೋಲ್ಟ್. ಬೋಲ್ಟ್ ಶಾಫ್ಟ್‌ನಲ್ಲಿರೋ ಗಾಡಿಯಲ್ಲೇ ಹಾದು ಹೋಗಬೇಕು, ಆಗಲೇ ಕಪ್ಲರ್ ಜಾರಲ್ಲ. ಕವಚದಲ್ಲಿರೋ ಸಣ್ಣ ಕಿಂಡಿಯಿಂದ ಸ್ಪ್ಯಾನರ್ ಹಾಕಿ ಟೈಟ್ ಮಾಡಬೇಕು. ಕಿಂಡಿಗೆ ಒಂದು ರಬ್ಬರ್ ಮುಚ್ಚಳ.

ನಾನು ಎರಡೂ ಬೋಲ್ಟ್ ಬೆರಳಲ್ಲಿ ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ ಅಣ್ಣನಿಗೆ ಫೋನ್ ಬಂತು. ಮಾತಾಡಿ ಬಂದವನೇ ಆಕ್ಸಲ್ ಹಿಡ್ಕೊಂಡ. ಗೇರ್ ಲಿಂಕೇಜ್, ರಿವರ್ಸ್ ಲೈಟ್ ವೈರ್, ಸೈಲೆನ್ಸರ್, ಎಲ್ಲಾ ಆಯ್ತು. ಬಾಡಿಗೆ ಮುಗಿಯೋಕೆ ಇನ್ನು ಅರ್ಧ ಗಂಟೆ. ಟೂಲ್ ಎತ್ತಿಡ್ತಾ ಇದ್ದೆ, ಟ್ರೇನಲ್ಲಿ ಆ ರಬ್ಬರ್ ಮುಚ್ಚಳ ಕಾಣಿಸ್ತು.

"ಅಣ್ಣ, ಕಪ್ಲರ್ ಟೈಟ್ ಮಾಡಿದ್ಯಾ?"

"ನೀನು ಮಾಡಿದ್ಯಲ್ವಾ?"

ಇಬ್ರೂ ಸುಮ್ಮನಾದ್ವಿ.

"ಮಾಡಿರ್ತೀವಿ ಬಿಡೋ," ಅಂದ ಅಣ್ಣ. ನಂಗೂ ಹಾಗೇ ಅನ್ನಿಸ್ತು, ಯಾಕಂದ್ರೆ ಸೈಲೆನ್ಸರ್ ಮತ್ತೆ ಬಿಚ್ಚದೇ ಆ ಕಿಂಡಿಗೆ ಕೈ ಹೋಗ್ತಿರ್ಲಿಲ್ಲ. ನಾನು ಬಿ.ಕಾಂ. ಓದಿದವನು. ಹಾಕಿದ ದುಡ್ಡು, ಸಮಯ ಲೆಕ್ಕ ಹಾಕಿ ಮುಂದಿನ ನಿರ್ಧಾರ ಮಾಡಬಾರದು ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಕಾರಿನ ಕೆಳಗೆ ನಿಂತಾಗ ಅದು ನೆನಪಾಗಲಿಲ್ಲ. ನೆನಪಾಗಿದ್ದು ವಾಪಸ್ ಹೋಗೋ ದಾರಿ: ಆಟೋಬಾನ್. ಹಿಂದೆ ಲಾರಿ ಬರ್ತಿರೋವಾಗ ಬೋಲ್ಟ್ ಕಳಚ್ಕೊಂಡು ಕಪ್ಲರ್ ಜಾರಿದ್ರೆ? ಎಂಜಿನ್ ಓಡ್ತಿರುತ್ತೆ, ಚಕ್ರಕ್ಕೆ ಶಕ್ತಿ ಇರಲ್ಲ.

"ಬಿಚ್ಚೋಣ ಅಣ್ಣ," ಅಂದೆ. ಅವನು ಬೈಕೊಂಡೇ ಬಿಚ್ಚಿದ. ಎಂಜಿನ್ನನ್ನ ಮುಂದಿನಿಂದ ಕೈಯಲ್ಲೇ ತಿರುಗಿಸಿ ಬೋಲ್ಟನ್ನ ಕಿಂಡಿಗೆ ತಂದ್ವಿ. ಅದು ತಿರುಗೋ ದಿಕ್ಕಿಗೇ ತಿರುಗಿಸಬೇಕು, ಉಲ್ಟಾ ಅಲ್ಲ. ಟೈಮಿಂಗ್ ಬೆಲ್ಟ್ ಇರುತ್ತೆ. ನೋಡಿದ್ರೆ ಎರಡೂ ಬೋಲ್ಟ್ ನಾನು ಬೆರಳಲ್ಲಿ ಬಿಟ್ಟ ಹಾಗೇ ಇದ್ವು.

ಬಾಡಿಗೆ ಮತ್ತೆ ಎರಡು ಗಂಟೆ ಏರಿತು. ಆದ್ರೆ ಅವತ್ತಿಂದ ನಾವು ಒಂದು ಪದ್ಧತಿ ಮಾಡ್ಕೊಂಡಿದ್ದೀವಿ. ಟಾರ್ಕ್ ರೆಂಚ್ ಹಾಕಿದವನೇ ಬೋಲ್ಟ್ ಮೇಲೆ ಪೇಂಟ್ ಗೆರೆ ಎಳೀಬೇಕು, ಬಾಯಿಬಿಟ್ಟು "ಆಯ್ತು" ಅನ್ನಬೇಕು. ಗೆರೆ ಇಲ್ಲ ಅಂದ್ರೆ ಟೈಟ್ ಆಗಿಲ್ಲ ಅಂತಲೇ ಲೆಕ್ಕ.

ಸಂಜೆ ಮನೆಗೆ ಹೊರಟಾಗ ಅಣ್ಣ ಕೀ ನನ್ನ ಕೈಗೆ ಕೊಟ್ಟ. ಕ್ಲಚ್ ಬೆಣ್ಣೆ ಥರ ಇತ್ತು.

ನೀವೂ ಇಬ್ರು ಸೇರಿ ಏನೇ ಕೆಲಸ ಮಾಡ್ತಿರಿ, ‘ಅವನು ಮಾಡಿರ್ತಾನೆ’ ಅನ್ನೋ ಮುಂಚೆ ಒಂದ್ಸಲ ಕೇಳಿಬಿಡಿ.