ಗುಡ್ಡ ಹತ್ತೋಕೆ ಹೊರಟವರಿಗೆ ನಾಲ್ಕು ಮಾತು

(ಮಡಕಶಿರಾ ಸೀಮೆಯ ನಮ್ಮ ಯುವಕ ಸಂಘದ ಚಾರಣ ತಂಡದ ಸಭೆಯಲ್ಲಿ, ತಂದೆ ತಾಯಂದಿರ ಸಮ್ಮುಖದಲ್ಲಿ ಆಡಿದ ಮಾತಿನ ಬರಹ.)



ಅಧ್ಯಕ್ಷರು ನನಗೆ ಕೊಟ್ಟಿರೋ ಕೆಲಸ ಚಿಕ್ಕದು. ಈ ಚಳಿಗಾಲದಲ್ಲಿ ನಮ್ಮ ಹುಡುಗರು, ಹುಡುಗಿಯರು ಮೂರು ಕಡೆ ಬೆಟ್ಟ ಹತ್ತೋಕೆ ಹೊರಟಿದ್ದಾರೆ, ಅದರ ವಿವರ ಹೇಳಿ, ಮನೆಯವರು ಬಂದಿದ್ದಾರೆ, ಅವರ ಅನುಮಾನಕ್ಕೂ ಉತ್ತರ ಕೊಡಿ ಅಂದರು. ವಿವರ ಹೇಳ್ತೀನಿ. ಅನುಮಾನ ಎಲ್ಲಾ ತೀರಿಸ್ತೀನಿ ಅಂತ ಮಾತ್ರ ಹೇಳಲ್ಲ. ಬಂಡೆಯ ವಿಷಯದಲ್ಲಿ ಸ್ವಲ್ಪ ಅನುಮಾನ ಇರೋದೇ ಒಳ್ಳೇದು.

ಇಲ್ಲಿ ಕೂತಿರುವ ಹಿರಿಯರೊಬ್ಬರು ಆಗಲೇ ಕೇಳಿದರು. ನಾವು ಹುಟ್ಟಿದಾಗಿನಿಂದ ಗುಡ್ಡ ಹತ್ತುತ್ತಲೇ ಇದ್ದೀವಲ್ಲಪ್ಪ, ಸೌದೆಗೆ ಹತ್ತಿದ್ವಿ, ಸೀತಾಫಲಕ್ಕೆ ಹತ್ತಿದ್ವಿ, ಊರವರ ಕುರಿ ಹಿಂದೆ ಹತ್ತಿದ್ವಿ, ಕಲ್ಲು ಒಡೆಯೋಕೆ ಹತ್ತಿದ್ವಿ. ಈಗ ಒಂದು ದಿನದ ಕೂಲಿ ಬಿಟ್ಟು, ಕೈಯಿಂದ ದುಡ್ಡು ಹಾಕಿ ಹತ್ತಬೇಕಾ ಅಂತ. ಕೆಲವರು ನಕ್ಕಿರಿ. ನಗುವ ಮಾತಲ್ಲ ಅದು. ಕಲ್ಲು ಕೆಲಸ ಮಾಡಿದವರು ಬಂಡೆಗೆ ಸುತ್ತಿಗೆಯಿಂದ ಒಂದು ತಟ್ಟು ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕು ಇದೆಯೋ ಗಟ್ಟಿ ಇದೆಯೋ ಹೇಳಿಬಿಡ್ತಾರೆ. ಬಂಡೆ ಹತ್ತುವವರಿಗೆ ಪೇಟೆಯಲ್ಲಿ ದುಡ್ಡು ತಗೊಂಡು ಕಲಿಸೋ ಮೊದಲನೇ ಪಾಠಗಳಲ್ಲಿ ಇದೂ ಒಂದು. ಹಿಡಿಯುವ ಮುಂಚೆ ತಟ್ಟಿ ನೋಡು, ಡೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕಬೇಡ. ಈ ವಿದ್ಯೆ ನಮ್ಮ ಮನೆಗಳಲ್ಲೇ ಇದೆ. ಆದರೆ ನಮ್ಮವರು ಯಾವತ್ತೂ ತಲೆ ಮೇಲೆ ಹೊರೆ ಇಟ್ಕೊಂಡೇ ಗುಡ್ಡ ಇಳಿದಿದ್ದಾರೆ. ಖಾಲಿ ಕೈಲಿ ಹತ್ತಿ, ಮೇಲೆ ಕೂತು, ನಮ್ಮ ಊರು ಯಾವುದು ಕೆರೆ ಯಾವುದು ಅಂತ ನೋಡಿ ಇಳಿದು ಬಂದವರು ಎಷ್ಟು ಜನ? ನಮ್ಮ ಮಕ್ಕಳು ಒಂದು ಸಲ ಹಾಗೆ ಹತ್ತಲಿ ಅಂತ ಸಂಘ ಹೊರಟಿದೆ. ಕೂಲಿಯ ಮಾತಿಗೆ ಹೇಳೋದಾದರೆ, ಕಡಲೇಕಾಯಿ ಕಿತ್ತು ಮುಗಿದ ಮೇಲೆಯೇ ಹೊರಡೋದು, ಭಾನುವಾರಗಳಲ್ಲೇ ಹೊರಡೋದು. ದಿನಗೂಲಿ ಮಾಡುವವರ ಬಸ್ ಚಾರ್ಜು ಸಂಘದ್ದು.

ಹೊರೆ ಅಂದೆ. ಜಗತ್ತಿನ ಅತಿ ಎತ್ತರದ ಬೆಟ್ಟದಲ್ಲೂ ಇದೇ ಕಥೆ. 1953ರ ಮೇ 29ರಂದು ಎವರೆಸ್ಟ್ ತುದಿ ಮುಟ್ಟಿದ ಇಬ್ಬರಲ್ಲಿ ಒಬ್ಬರು ತೇನ್‌ಸಿಂಗ್. ಅವರು ಮೊದಲು ಆ ಬೆಟ್ಟಕ್ಕೆ ಹೋಗಿದ್ದು ಬೇರೆಯವರ ಸಾಮಾನು ಹೊರುವ ಕೂಲಿಯಾಗಿ. 2014ರ ಏಪ್ರಿಲ್ 18ರಂದು ನೇಪಾಳದ ಕಡೆಯ ದಾರಿಯಲ್ಲಿ ಹಿಮ ಕುಸಿದು 16 ಜನ ಸತ್ತರು. ಆ 16 ಜನರೂ ಅಲ್ಲಿ ದುಡಿಯುತ್ತಿದ್ದ ನೇಪಾಳಿ ಕೆಲಸಗಾರರು, ಹೆಚ್ಚಿನವರು ಶೆರ್ಪಾಗಳು.

ಅದೇ ವರ್ಷ, ಅದಾಗಿ ತಿಂಗಳು ಮುಗಿದ ಮೇಲೆ, ಮೇ 25ರಂದು, ಟಿಬೆಟ್ ಕಡೆಯ ದಾರಿಯಿಂದ ನಮ್ಮ ರಾಜ್ಯದ ಇಬ್ಬರು ಮಕ್ಕಳು ಎವರೆಸ್ಟ್ ಹತ್ತಿದರು. ಮಾಲಾವತ್ ಪೂರ್ಣ, ನಿಜಾಮಾಬಾದ್ ಜಿಲ್ಲೆಯ ಲಂಬಾಣಿ ಹುಡುಗಿ. ಸಾಧನಪಲ್ಲಿ ಆನಂದ್ ಕುಮಾರ್, ಖಮ್ಮಂ ಜಿಲ್ಲೆಯ ದಲಿತ ಹುಡುಗ. ನಮ್ಮ ರಾಜ್ಯ ಅಂತ ಬೇಕಂತಲೇ ಹೇಳಿದೆ. ತೆಲಂಗಾಣ ಬೇರೆ ಆಗೋಕೆ ಇನ್ನೂ 8 ದಿನ ಇತ್ತು. ಪೂರ್ಣಾಗೆ ಆಗ 13 ವರ್ಷ 11 ತಿಂಗಳು. ನೇಪಾಳದಲ್ಲಿ 16 ತುಂಬದವರನ್ನು ಹತ್ತೋಕೆ ಬಿಡೋದಿಲ್ಲ, ಅದಕ್ಕೇ ಆ ಕಡೆಯ ದಾರಿ. ಅವಳ ಅಪ್ಪ ಅಮ್ಮ ಹೊಲದಲ್ಲಿ ಕೂಲಿ ಮಾಡೋರು. ಇಬ್ಬರೂ ಓದುತ್ತಿದ್ದದ್ದು ಸಮಾಜ ಕಲ್ಯಾಣ ವಸತಿ ಶಾಲೆಗಳಲ್ಲಿ, ನಮ್ಮ ಸೀಮೆಯ ಎಷ್ಟೋ ಮಕ್ಕಳು ಓದುವಂಥ ಶಾಲೆಗಳಲ್ಲೇ. ಆ ಶಾಲೆಗಳ ಸಂಸ್ಥೆಗೆ ಆಗ ಆರ್.ಎಸ್. ಪ್ರವೀಣ್ ಕುಮಾರ್ ಕಾರ್ಯದರ್ಶಿ. ತರಬೇತಿ ಕೊಟ್ಟವರು ಶೇಖರ್ ಬಾಬು. ಶಿಖರದ ಮೇಲೆ ಅವರು ಇಟ್ಟ ಚಿತ್ರಗಳು ಬಾಬಾಸಾಹೇಬರದು ಮತ್ತು ಎಸ್.ಆರ್. ಶಂಕರನ್ ಅವರದು. ಶಂಕರನ್ ಯಾರು ಅಂತ ಹುಡುಗರಿಗೆ ಗೊತ್ತಿಲ್ಲದಿದ್ದರೆ ಮನೆಯ ಅಜ್ಜಂದಿರನ್ನು ಕೇಳಿ. ಜೀತ ಬಿಡಿಸೋಕೆ ಕಾನೂನನ್ನು ಹಳ್ಳಿ ತನಕ ತಂದ ಐಎಎಸ್ ಅಧಿಕಾರಿ ಅವರು.

ಈ ಮಕ್ಕಳು ಕಲಿಯೋಕೆ ಶುರು ಮಾಡಿದ್ದು ಎಲ್ಲಿ ಗೊತ್ತಾ? ಹೈದರಾಬಾದಿನ ಹತ್ತಿರದ ಭುವನಗಿರಿ ಬಂಡೆಯ ಮೇಲೆ. ನಮ್ಮ ಮಧುಗಿರಿ, ನಮ್ಮ ರತ್ನಗಿರಿ ಥರದ್ದೇ ಕರಿ ಬೋಳು ಕಲ್ಲು, ಮೇಲೊಂದು ಕೋಟೆ. ಆಮೇಲೆ ಡಾರ್ಜಿಲಿಂಗ್, ಆಮೇಲೆ ಲಡಾಖಿನ ಚಳಿ. ಹಿಮ ಆಮೇಲೆ ಬಂತು.

ಈಗ ನಮ್ಮ ಕಾರ್ಯಕ್ರಮ. ಮೊದಲನೇದು ರೊಳ್ಳ ಮಂಡಲದ ರತ್ನಗಿರಿ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್. ಇದು ಕಾಲು ಪರೀಕ್ಷೆ ಅಷ್ಟೇ. ಯಾರಿಗೆ ಮಂಡಿ ನೋವು, ಯಾರಿಗೆ ಎತ್ತರದ ಭಯ, ಯಾರು ನೀರು ಮರೆತು ಬರ್ತಾರೆ ಅಂತ ಅಲ್ಲೇ ತಿಳಿದುಹೋಗುತ್ತೆ.

ಎರಡನೇದು ಗಡಿ ದಾಟಿ ಮಿಡಿಗೇಶಿ ಮೇಲೆ ಹಾದು ಮಧುಗಿರಿ. ಇಲ್ಲಿ ಒಂದು ರಾತ್ರಿ ಡೇರೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಏಕಶಿಲೆ ಅದು. ಕೆಲವು ಕಡೆ ಕಂಬಿ ಇದೆ, ಕೆಲವು ಕಡೆ ಕಲ್ಲಿನಲ್ಲಿ ಕಡೆದ ಹೆಜ್ಜೆಗುಳಿ ಬಿಟ್ಟರೆ ಏನೂ ಇಲ್ಲ. ಕೋಟೆ ಪುರಾತತ್ವ ಇಲಾಖೆಯದು, ಸಂಜೆಯಾದ ಮೇಲೆ ಮೇಲೆ ಇರುವಂತಿಲ್ಲ. ಹಾಗಾಗಿ ಡೇರೆ ಕೆಳಗೆ, ನಮ್ಮವರದೇ ಒಂದು ಹೊಲದಲ್ಲಿ. ವಾಪಸ್ ಬರುವಾಗ ಸಮಯ ಇದ್ದರೆ ಮೈದನಹಳ್ಳಿಯ ಕೃಷ್ಣಮೃಗ ನೋಡಿ ಬರೋದು. ಬಯಲಲ್ಲಿ ಜಿಂಕೆ ಓಡೋದನ್ನ ಸಿನಿಮಾದಲ್ಲಿ ಮಾತ್ರ ನೋಡಿದವರಿಗೆ ಅದು ಬೇರೆಯೇ ಖುಷಿ.

ಮೂರನೇದು ರಾಮನಗರ. ಅಲ್ಲಿ ಹಗ್ಗದ ಮೇಲೆ ಬಂಡೆ ಹತ್ತೋದು. ಶೋಲೆ ಸಿನಿಮಾ ತೆಗೆದ ಜಾಗ ಅಂತ ಎಲ್ಲರೂ ಕುಣೀತಿದ್ದೀರಿ, ಆದರೆ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಅಲ್ಲಿ ನಾವು ಹತ್ತೋದಿಲ್ಲ, ಸುತ್ತಲ ಬೇರೆ ಬಂಡೆಗಳಲ್ಲಿ. ಅನುಮತಿ ಪತ್ರ ಕೈಗೆ ಬಂದ ಮೇಲೇ ಬಸ್ ಬುಕ್ ಮಾಡೋದು. ತರಬೇತಿ ಪಡೆದ ಬೋಧಕರಿಲ್ಲದೆ ಒಬ್ಬರೂ ಹಗ್ಗ ಮುಟ್ಟೋದಿಲ್ಲ.

ಹಗ್ಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೋದ ವಾರ ಒಬ್ಬ ಹುಡುಗ ಬಂದು ಅಣ್ಣಾ, ಬೋರ್‌ವೆಲ್ ಮೋಟರ್ ಎತ್ತುವ ಹಗ್ಗ ನಮ್ಮ ಮನೇಲೇ ಇದೆ, ಆನೆ ಎಳೆದರೂ ಕಿತ್ತೋಗಲ್ಲ, ಅದೇ ತರ್ತೀನಿ ಅಂದ. ಕಿತ್ತೋಗಲ್ಲ, ನಿಜ. ತೊಂದರೆ ಬೇರೆ ಕಡೆ ಇದೆ. ಆ ಹಗ್ಗ ಹಿಗ್ಗೋದು ತೀರಾ ಕಡಿಮೆ. ಹತ್ತಡಿಯಿಂದ ಬಿದ್ದವನನ್ನು ಅದು ಗಕ್ಕನೆ ಹಿಡಿದು ನಿಲ್ಲಿಸಿದರೆ, ಹಗ್ಗ ಉಳಿಯುತ್ತೆ, ಸೊಂಟ ಉಳಿಯಲ್ಲ. ಹತ್ತುವ ಹಗ್ಗದ ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ, ದಪ್ಪ ಸುಮಾರು 10 ಮಿಲಿಮೀಟರ್. ಭಾರ ಬಿದ್ದಾಗ ಹಿಗ್ಗಿ, ಆ ಏಟನ್ನು ತಾನು ನುಂಗುತ್ತೆ. ಅದನ್ನ ತುಳೀಬಾರದು, ಬಿಸಿಲಲ್ಲಿ ಒಣಗಿ ಹಾಕಬಾರದು, ಎಮ್ಮೆ ಕಟ್ಟೋಕಂತೂ ಖಂಡಿತ ಕೇಳಬಾರದು.

ಆ ಹಗ್ಗವನ್ನು ಸೊಂಟದ ಪಟ್ಟಿಗೆ ಕಟ್ಟೋದು ಎಂಟರ ಗಂಟಿನಿಂದ. ಇಂಗ್ಲಿಷ್ ಅಂಕಿಯ 8. ನಮ್ಮ ಕನ್ನಡದ ೮ ನೋಡಿಕೊಂಡು ಕಟ್ಟಿದರೆ ಗಂಟೇ ಆಗಲ್ಲ. ಒಬ್ಬರು ಹತ್ತುವಾಗ ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಬಿಡುತ್ತಾ, ಎಳೆದುಕೊಳ್ಳುತ್ತಾ ಇರಬೇಕು. ಅದಕ್ಕೆ ಬಿಲೇ ಅಂತಾರೆ. ಬಿಲೇ ಮಾಡೋರ ಒಂದು ಕೈ, ತಡೆಯುವ ಕೈ, ಹಗ್ಗದಿಂದ ಒಂದು ಕ್ಷಣಾನೂ ಬಿಡೋಹಾಗಿಲ್ಲ. ಫೋನ್ ಬರಲಿ, ನೊಣ ಕೂರಲಿ. ಹತ್ತುವ ಮುಂಚೆ ಇವರ ಗಂಟು ಅವರು, ಅವರ ಗಂಟು ಇವರು ಮುಟ್ಟಿ ನೋಡಬೇಕು. ನೋಡಿದರೆ ಸಾಲದು, ಮುಟ್ಟಿಯೇ ನೋಡಬೇಕು. ಈ ಮಾತು ನಮ್ಮ ಜನರ ನಡುವೆ ಹೇಳುವಾಗ ನನಗೇ ಒಂಥರಾ ಆಗುತ್ತೆ. ರಾಮನಗರದಲ್ಲಿ ನಮ್ಮ ಜೊತೆ ಬೇರೆ ಊರಿನ, ಬೇರೆ ಕೇರಿಗಳ ಹುಡುಗರೂ ಇರ್ತಾರೆ. ಅವರ ಗಂಟು ನಾವು ಮುಟ್ಟಬೇಕು, ನಮ್ಮ ಗಂಟು ಅವರು. ಬೇಡ ಅನ್ನುವವನಿಗೆ ಹತ್ತೋಕೆ ಬಿಡೋದಿಲ್ಲ.

ಹುಡುಗಿಯರ ವಿಷಯ ಇಲ್ಲೇ ಹೇಳಿಬಿಡ್ತೀನಿ. 45 ಕೆಜಿ ಹುಡುಗಿ 70 ಕೆಜಿ ಗಂಡಸನ್ನ ಹೇಗೆ ಹಿಡೀತಾಳೆ ಅಂತ ಒಬ್ಬ ತಾಯಿ ಕೇಳಿದರು. ಹಗ್ಗ ಮೇಲಿನ ಕೊಂಡಿಯ ಮೂಲಕ ಹೋಗಿ ಇಳಿದು ಬರುತ್ತೆ, ಕೈಯಲ್ಲಿರೋ ಉಪಕರಣದ ಉಜ್ಜುವಿಕೆ ಮುಕ್ಕಾಲು ಕೆಲಸ ಮಾಡುತ್ತೆ. ತೂಕ ತೀರಾ ವ್ಯತ್ಯಾಸ ಇದ್ದರೆ ಅವಳನ್ನ ನೆಲದ ಕಲ್ಲಿಗೆ ಇನ್ನೊಂದು ಹಗ್ಗದಿಂದ ಕಟ್ಟಿರ್ತೀವಿ. ಹೆಸರು ಕೊಟ್ಟ ಹುಡುಗಿಯರು ಬರ್ತಾರೆ. ಅವರಿಗೆ ಬೇರೆ ಡೇರೆ, ಜೊತೆಗೆ ಇಬ್ಬರು ಹಿರಿಯ ಹೆಣ್ಣುಮಕ್ಕಳು. ಅಡುಗೆ ಪಾಳಿಯಲ್ಲಿ ಮಾತ್ರ ಹುಡುಗಿಯರ ಹೆಸರು ಜಾಸ್ತಿ ಬರೆದಿದ್ದಾರೆ ಯಾರೋ. ಅದನ್ನು ಹೊಡೆದುಹಾಕಿ ಸಮ ಮಾಡಿ.

ಇನ್ನು ಬನಿಯನ್ನಿನ ಜಗಳ. ನೀಲಿ ಟೀ ಶರ್ಟಿನ ಮೇಲೆ ಸಂಘದ ಹೆಸರು ಬೇಡ, ಬೆಟ್ಟದ ಕೆಳಗಿನ ಊರುಗಳಲ್ಲಿ ಸುಮ್ಮನೆ ಯಾಕೆ, ನೀರು ಕೇಳೋಕೆ ಹೋದರೆ ಯಾವ ಪೈಕಿ ಅಂತಾರೆ, ಬರೀ ಬೆಟ್ಟದ ಚಿತ್ರ ಹಾಕಿಸೋಣ ಅಂತ ಕೆಲವರ ವಾದ. ಹೇಡಿತನ ಅಂತ ಅವರನ್ನ ಬೈದರಂತೆ. ಬೈಬೇಡಿ. ಇದೇ ಯೋಚನೆ ಬಾಬಾಸಾಹೇಬರಿಗೂ ಬಂದಿತ್ತು.

1934ರಲ್ಲಿ ಅವರು, ಚಳವಳಿಯ ಸಂಗಾತಿಗಳು ಸುಮಾರು 30 ಜನ, ವೇರುಳದ ಗುಹೆ ನೋಡೋಕೆ ಅಂತ ಪ್ರವಾಸ ಹೊರಟರು. ಬಸ್ಸಲ್ಲಿ, ಕಾರಲ್ಲಿ, ನಾವು ಹೋದ ಹಾಗೇ. ಗುರುತು ಹೇಳಿಕೊಂಡರೆ ದಾರಿಯಲ್ಲಿ ತೊಂದರೆ ಅಂತ, ಇಳಿದುಕೊಳ್ಳುವ ಊರುಗಳಲ್ಲಿ ಬಿಟ್ಟು ಬೇರೆಲ್ಲೂ ಹೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದರು. ನಿಜಾಮರ ಸೀಮೆಯ ದೌಲತಾಬಾದಿಗೆ ಬಂದಾಗ ಅಲ್ಲಿನ ನಮ್ಮವರು ಕಾಯ್ತಾ ನಿಂತಿದ್ದರು, ಇಳಿದು ಟೀ ಕುಡಿಯಿರಿ ಅಂತ. ಕತ್ತಲಾಗೋದರೊಳಗೆ ಕೋಟೆ ನೋಡಿಬಿಡೋಣ, ಬಂದು ಕುಡೀತೀವಿ ಅಂದರು. ಕೋಟೆ ಬಾಗಿಲ ಹೊರಗೆ ಒಂದು ನೀರಿನ ಕೊಳ. ಮೈಯೆಲ್ಲಾ ಧೂಳು, ಕೆಲವರು ಕೈಕಾಲು ಮುಖ ತೊಳೆದರು. ಅಷ್ಟೇ. ಕೊಳ ಮೈಲಿಗೆ ಮಾಡಿದರು ಅಂತ ಹಿಂದಿನಿಂದ ಕೂಗು, ಬೈಗಳು, ಜನ ಸೇರಿದರು. ಕೊನೆಗೆ ಒಳಗೆ ಬಿಟ್ಟರು. ಆದರೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಷರತ್ತು, ಕಾಯೋಕೆ ಬಂದೂಕು ಹಿಡಿದ ಒಬ್ಬ ಸಿಪಾಯಿ. ಇದನ್ನ ಬಾಬಾಸಾಹೇಬರೇ ಬರೆದಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಪುಸ್ತಕ. ಬಸ್ಸಲ್ಲಿ ಯಾರಾದರೂ ಗಟ್ಟಿಯಾಗಿ ಓದಿ, ಮಧುಗಿರಿ ತಲುಪೋದರೊಳಗೆ ಮುಗಿಯುತ್ತೆ.

ಗುರುತು ಮುಚ್ಚಿಟ್ಟು ಹೊರಟವರು ಕೋಟೆ ಬಾಗಿಲಲ್ಲಿ ನೀರಿನ ಹತ್ತಿರ ಸಿಕ್ಕಿಬಿದ್ದರು. ಆಗ ಅವರ ಹಿಂದೆ ಯಾವ ಕಾನೂನೂ ಇರಲಿಲ್ಲ. ನಮಗೆ ಸಂವಿಧಾನದ 17ನೇ ವಿಧಿ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಹಾಗಾಗಿ ನನ್ನ ಅಭಿಪ್ರಾಯ, ಹೆಸರು ಇರಲಿ. ಎದೆ ಮೇಲೆ, ಓದೋಕೆ ಬರುವಷ್ಟು ದಪ್ಪಕ್ಷರದಲ್ಲಿ. ಆದರೆ ಒಂಟಿಯಾಗಿ ಅಲ್ಲಿ ಇಲ್ಲಿ ನುಗ್ಗಿ ಎದೆ ತೋರಿಸೋ ಕೆಲಸ ಬೇಡ. ನೀರು ತುಂಬಿಸೋಕೆ ನಾಲ್ಕು ಜನ ಒಟ್ಟಿಗೆ ಹೋಗಿ. ಯಾರಾದರೂ ಯಾವ ಪೈಕಿ ಅಂದರೆ ಸಂಘದ ಹೆಸರು ಹೇಳಿ, ಮಾತು ಬೆಳೆದರೆ ತಂಡದ ನಾಯಕರು ಮಾತಾಡಲಿ. ನಡೆದದ್ದು, ಹೊತ್ತು, ಜಾಗ, ಎಲ್ಲಾ ಅಲ್ಲೇ ಬರೆದುಕೊಳ್ಳಿ. ದೂರು ಕೊಡೋದಾದರೆ ಎಲ್ಲರೂ ಸೇರಿ ಸ್ಟೇಷನ್ನಿಗೆ. ಬಂಡೆ ಮೇಲೆ ಮಾತ್ರ ಯಾರ ಜೊತೆಗೂ ಜಗಳ ಬೇಡ, ಅಲ್ಲಿ ಕಾಲು ಜಾರಿದರೆ ಯಾವ ಕಾನೂನೂ ಹಿಡಿಯಲ್ಲ.

ಮೇಲೆ ದೊಣೆಗಳಲ್ಲಿ ನೀರು ಕಾಣುತ್ತೆ, ಕುಡೀಬೇಡಿ. ಒಬ್ಬೊಬ್ಬರಿಗೆ 3 ಲೀಟರ್ ಮನೆಯಿಂದಲೇ. ಬೆಳಿಗ್ಗೆ 6ಕ್ಕೆ ಹತ್ತೋಕೆ ಶುರು, ಬಿಸಿಲು ಏರೋದರೊಳಗೆ ಇಳೀಬೇಕು. ಹಾಗಂತ ಬೆಳಕು ಹರಿಯೋಕೆ ಮುಂಚೆ ಯಾರೂ ಒಂಟಿಯಾಗಿ ಗುಡ್ಡದ ಕಡೆ ಹೋಗಬಾರದು, ನಮ್ಮ ಸೀಮೆಯ ಕರಡಿ ನಿಮಗೆ ಹೊಸದಲ್ಲ. ಕರಡಿಗಿಂತ ನಾನು ಹೆದರೋದು ಹೆಜ್ಜೇನಿಗೆ. ಸೆಂಟು ಹಾಕಬೇಡಿ, ಬೀಡಿ ಸಿಗರೇಟು ಹೊಗೆ ಬೇಡ, ಬಂಡೆಗೆ ಕಲ್ಲು ಎಸೆದು ಕೂಗೋದು ಬೇಡ. ಮಳೆ ಹನಿ ಬಿದ್ದರೆ ಅವತ್ತಿನ ಹತ್ತೋದು ರದ್ದು, ಒದ್ದೆ ಪಾಚಿ ಮೇಲೆ ಯಾವ ಶೂನೂ ನಿಲ್ಲಲ್ಲ. ಹತ್ತುವಾಗ ಬಂಡೆಗೆ ಹೊಟ್ಟೆ ಅಂಟಿಸಿ ತೆವಳಬೇಡಿ. ನೆಟ್ಟಗೆ ನಿಂತು, ಹಿಮ್ಮಡಿ ತಗ್ಗಿಸಿ, ಭಾರ ಕಾಲ ಮೇಲೆ ಬಿಡಿ, ಆಗ ಕಾಲು ಕಚ್ಚಿಕೊಳ್ಳುತ್ತೆ. ಇಳಿಯೋದು ಹತ್ತೋದಕ್ಕಿಂತ ಕಷ್ಟ. ಸುಸ್ತಾದ ಕಾಲು, ಮುಗೀತಲ್ಲ ಅನ್ನೋ ಮನಸ್ಸು, ಅಂಚಿನಲ್ಲಿ ನಿಂತು ಸೆಲ್ಫಿ. ಈ ಮೂರೂ ಸೇರಿದ ಕಡೆಯೇ ಹೆಣ ಬೀಳೋದು.

ಇದರಲ್ಲಿ ರುಚಿ ಹತ್ತಿದವರಿಗೆ ಮುಂದೆ ದಾರಿ ಇದೆ. ಡಾರ್ಜಿಲಿಂಗಿನಲ್ಲಿ 1954ರಲ್ಲಿ, ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆಗಳಿವೆ. ಸುಮಾರು ನಾಲ್ಕು ವಾರದ ಮೂಲ ಕೋರ್ಸು. ಅರ್ಜಿ, ಡಾಕ್ಟರ್ ಸರ್ಟಿಫಿಕೇಟು, ಮುಂಗಡ ಶುಲ್ಕ ಎಲ್ಲಾ ಬೇಕು, ಜಾಗ ಬೇಗ ತುಂಬುತ್ತೆ. ಮೂರೂ ಚಾರಣ ಮುಗಿಸಿದವರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನ ಕಳಿಸೋಕೆ ಸಂಘ ದುಡ್ಡು ಕೂಡಿಸ್ತಿದೆ. ಈ ಸ್ಮರಣ ಸಂಚಿಕೆಯ ಜಾಹೀರಾತಿನಿಂದ ಉಳಿದದ್ದೂ ಅದಕ್ಕೇ.

ರತ್ನಗಿರಿಗೆ ಬರುವವರು ಈಗಲೇ, ಮನೆಗೆ ಹೋಗುವ ಮುಂಚೆ, ಬಾಗಿಲ ಹತ್ತಿರ ಇಟ್ಟಿರೋ ಪುಸ್ತಕದಲ್ಲಿ ಹೆಸರು, ರಕ್ತದ ಗುಂಪು, ಶೂ ಅಳತೆ ಬರೆಯಿರಿ. 18 ತುಂಬದವರಿಗೆ ಅಪ್ಪ ಅಥವಾ ಅಮ್ಮನ ಸಹಿ ಬೇಕು, ಹೆಬ್ಬೆಟ್ಟಾದರೂ ಆಗುತ್ತೆ. ಚಪ್ಪಲಿಯಲ್ಲಿ ಬಂದವರನ್ನ ಬಸ್ ಹತ್ತಿಸಲ್ಲ. ಶೂ ಇಲ್ಲದವರು ಅಳತೆ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ, ನಾವು ನೋಡ್ಕೋತೀವಿ.